ತಂದೆಯ ಹೆಸರು

ತನ್ನ ಬಗ್ಗೆ ವಿಚಾರಿಸಲು ಬಂದವನಿಗೆ ಓಬಣ್ಣ ತಾನೇ ದಾರಿ ತೋರಿಸುತ್ತಿದ್ದ. ಕುರುಗೋಡಿನಲ್ಲಿ ಬಸ್ಸಿಳಿದ ಅಯ್ಯಣ್ಣ ಕೊಡೆ ಬಿಚ್ಚಿ, ಮನೆ ದೂರವೇ ಎಂದು ಕೇಳಿದ. ಹತ್ತಿರವೇ ಎಂದು ಹೇಳಿದ ಓಬಣ್ಣ ಸುತ್ತುದಾರಿ ಹಿಡಿದ. ಕಟ್ಟೆಯ ಮೇಲಿನ ಮುದುಕರು ಮಾತಾಡಿಸುವುದು ಅವನಿಗೆ ಬೇಕಿರಲಿಲ್ಲ.

ಅಯ್ಯಣ್ಣ ಬಳ್ಳಾರಿಯ ಹತ್ತಿ ಮಿಲ್ಲೊಂದರ ಹಳೆಯ ಗುಮಾಸ್ತ. ಓಬಣ್ಣ ಅಲ್ಲಿ ಆರು ತಿಂಗಳಿಂದ ಹಂಗಾಮಿ. ಕಾಯಂ ಮಾಡುವ ಮುಂಚೆ ಮನೆತನ ನೋಡಿ ಬರುವುದು ಆ ಮಿಲ್ಲಿನ ಪದ್ಧತಿ. ಹೆಣ್ಣು ನೋಡುವಾಗಲೂ ಇಷ್ಟು ಕೆದಕುವುದಿಲ್ಲ. ಇಂಟರ್ ಪಾಸಾದವನು ತಪ್ಪಿಲ್ಲದೆ ಇಂಗ್ಲಿಷ್ ಕಾಗದ ಬರೆದರೆ ಸಾಲದೇ? ಓಬಣ್ಣ ಸಿಟ್ಟನ್ನು ನುಂಗಿ, ತಾನೂ ಜೊತೆಗೆ ಬರುತ್ತೇನೆಂದಿದ್ದ.

“ಊರಾಗ ಮಂದೀನ ಕೇಳಂಗಿಲ್ಲ ನಾನು,” ಎಂದ ಅಯ್ಯಣ್ಣ. “ಮನ್ಯಾಗ ಎರಡು ಮಾತು, ಅಷ್ಟಾ. ಮರ್ಯಾದಿ ನೋಡ್ರಿ.”

ಓಬಣ್ಣನಿಗೆ ಉಪಕಾರವಾದಂತೆನಿಸಿತು. ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅವನ ಅವ್ವ ಹಂಪಕ್ಕನನ್ನು ಬಸವಿ ಬಿಟ್ಟಿದ್ದರು. ಗಂಡುಮಕ್ಕಳಿಲ್ಲದ ಅಜ್ಜ ಕೆಂಚಣ್ಣ ಮಗಳನ್ನು ದೇವರ ಹೆಸರಿಗೆ ಬಿಟ್ಟು, ಮದುವೆ ಮಾಡದೆ, ಮಗನಂತೆ ಮನೆಯಲ್ಲೇ ಇಟ್ಟುಕೊಂಡ. ಅವಳ ಹೊಟ್ಟೆಯಲ್ಲಿ ಹುಟ್ಟಿದ ಓಬಣ್ಣ ಅಜ್ಜನ ಮನೆಗೆ ವಾರಸುದಾರ. ಊರಿಗೆಲ್ಲ ಗೊತ್ತಿದ್ದರಿಂದ ಅದು ಗುಟ್ಟಾಗಿರಲಿಲ್ಲ. ಅದನ್ನು ಗುಟ್ಟು ಮಾಡಿದ್ದು ಮಿಲ್ಲಿನ ಅಚ್ಚಿನ ಅರ್ಜಿ. ‘ತಂದೆಯ ಹೆಸರು’ ಎಂಬಲ್ಲಿ ಅವನು ತೀರಿಹೋದ ಅಜ್ಜನ ಹೆಸರು ಬರೆದಿದ್ದ. ಬಸವಿ ಬಿಡುವುದು ಅಪರಾಧವೆಂದು, ಬಳ್ಳಾರಿ ಆಗ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಕಾನೂನಾಗಿ ಎರಡು ವರ್ಷವಾಗಿತ್ತು. ಗೊತ್ತಾದರೆ ಕೆಲಸ ಉಳಿಯುವುದಿಲ್ಲ. ಹೋದ ಭಾನುವಾರ ಬಂದು ಅವ್ವನಿಗೆ ಹೇಳಿಕೊಟ್ಟಿದ್ದ: ಗಂಡ ತೀರಿಕೊಂಡಿದ್ದಾನೆ, ಹೆಸರು ಕೆಂಚಣ್ಣ. ಅವಳು ಅವನ ಮುಖ ನೋಡಿದ್ದಳು. ಯಾಕೆಂದು ಕೇಳಿರಲಿಲ್ಲ.

ಇವತ್ತು ಅವಳ ಹಣೆ ಬರಿದಾಗಿತ್ತು. ಕೈಯಲ್ಲಿ ಬಳೆ ಇರಲಿಲ್ಲ. ಅದನ್ನವನು ಹೇಳಿಕೊಟ್ಟಿರಲಿಲ್ಲ, ಅವಳೇ ತೆಗೆದಿದ್ದಳು. ಓಬಣ್ಣ ಆ ಬರಿಗೈಯಿಂದ ಕಣ್ಣು ತೆಗೆದ. ಒಳ್ಳೆಯದೇ ಆಯಿತು ಎಂದೂ ಅನ್ನಿಸಿತು.

ಅಯ್ಯಣ್ಣ ಕಂಬಳಿಯ ಮೇಲೆ ಕೂತು, ನೀರು ಕುಡಿದು, ಮಳೆಬೆಳೆ ಕೇಳಿದ. ಆಮೇಲೆ ಪುಸ್ತಕ ತೆಗೆದ.

“ನಿಮ್ಮ ಯಜಮಾನ್ರ ಹೆಸರೇನಮ್ಮಾ?”

ಕೇಳಿದವನು ಮಗನ ಕಡೆಗೇ ತಿರುಗಿದ. ಗಂಡ ಸತ್ತು ಎಷ್ಟು ವರ್ಷವಾದರೂ ಹೆಂಗಸು ಅವನ ಹೆಸರೆತ್ತುವುದಿಲ್ಲ. ಸೆರಗು ಬಾಯಿಗಿಟ್ಟು ಮಕ್ಕಳ ಕಡೆ ಕೈ ತೋರಿಸುತ್ತಾಳೆ. ಓಬಣ್ಣ ಬಾಯಿ ತೆರೆಯುವಷ್ಟರಲ್ಲಿ ಹಂಪಕ್ಕ ಕತ್ತೆತ್ತಿದಳು.

“ಕೆಂಚಣ್ಣ.”

ಅಯ್ಯಣ್ಣನ ಪೆನ್ಸಿಲು ನಿಂತಿತು. ಕೇಳಿಸಲಿಲ್ಲವೇನೋ ಎಂದುಕೊಂಡ ಅವಳು ಇನ್ನೂ ಗಟ್ಟಿಯಾಗಿ ಹೇಳಿದಳು. “ಕೆಂಚಣ್ಣ ಅಂತರೀ.”

ಅಪ್ಪನ ಹೆಸರು ಹೇಳಲು ಮಗಳಿಗೆ ನಾಚಿಕೆ ಎಲ್ಲಿಂದ ಬರಬೇಕು? ಅದನ್ನೂ ಕಲಿಸಬೇಕೆಂದು ಓಬಣ್ಣನಿಗೆ ಹೊಳೆದಿರಲಿಲ್ಲ. ಗಂಡನ ಹೆಸರಿಗೆ ತಡವರಿಸುವ ಹೆಂಗಸನ್ನು ಆ ಮನೆಯಲ್ಲಿ ಅವನು ಕಂಡೇ ಇರಲಿಲ್ಲ.

ಅಯ್ಯಣ್ಣ ಬಾಗಿಲ ಕಡೆ ನೋಡುತ್ತ ಏನೋ ಬರೆದುಕೊಂಡ. ಮತ್ತೇನೂ ಕೇಳಲಿಲ್ಲ. ಚಹಾ ಬೇಡವೆಂದ, ಬಸ್ಸಿಗೆ ಹೊತ್ತಾಯಿತೆಂದ. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು.

ಅವನು ಅಂಗಳ ದಾಟಿದ ಮೇಲೆ ಹಂಪಕ್ಕ ಮಗನ ತೋಳು ಹಿಡಿದಳು. ಅವಳ ಮುಖದಲ್ಲಿ ಗೆಲುವಿತ್ತು.

“ಸರಿ ಹೇಳಿದ್ನೇನಪಾ?”

“ಹೂಂ. ಸರಿ ಹೇಳಿದಿ.”

“ಹಂಗಾರ ಬಳಿ ಇಕ್ಕೊಳ್ಳೇನು?”

ಅವನು ಚಪ್ಪಲಿ ಮೆಟ್ಟಿಕೊಂಡ. “ಕೆಲಸ ಕಾಯಂ ಆಗೋತನಕ ಬ್ಯಾಡವ್ವ,” ಎಂದ.

ಬಸ್ಸಿನಲ್ಲಿ ಅಯ್ಯಣ್ಣ ಕಿಟಕಿಯ ಪಕ್ಕ ಕೂತು, ಹೆಗಲಿನ ಟವಲು ತೆಗೆದು ಪಕ್ಕದ ಸೀಟಿನ ಮೇಲೆ ಹಾಕಿದ. ಯಾರಿಗೆಂದು ಹೇಳಲಿಲ್ಲ. ಓಬಣ್ಣ ಕಂಬಿ ಹಿಡಿದು ನಿಂತ. ದಾರಿಯುದ್ದಕ್ಕೂ ಹತ್ತಿದವರು ಟವಲು ನೋಡಿ, ಯಾರೋ ಬರುವವರಿದ್ದಾರೆಂದು ಹಿಂದಕ್ಕೆ ಸರಿದರು. ಬಳ್ಳಾರಿ ಬಂತು. ಅಲ್ಲಿಯವರೆಗೂ ಆ ಸೀಟಿಗೆ ಯಾರೂ ಬರಲಿಲ್ಲ.