ಒಂದು ಚಮಚ ಮೊಸರು-ಸಕ್ಕರೆ

2022ರ ಜೂನ್ 14, ಮಂಗಳವಾರ, ಬೆಳಗ್ಗೆ 6 ಗಂಟೆ 10 ನಿಮಿಷ. ದೊಡ್ಡಆಲಹಳ್ಳಿಯ ಮನೆಯ ಹೊಸಿಲಿನಲ್ಲಿ ಅಂಬುಜಮ್ಮ ಮಗಳು ಸೌಭಾಗ್ಯಳ ಬಾಯಿಗೆ ಒಂದು ಚಮಚ ಮೊಸರು-ಸಕ್ಕರೆ ಹಾಕಿದಳು. ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಆ ಮನೆಯಲ್ಲಿ ಬರಿಬಾಯಲ್ಲಿ ಕಳಿಸಿದ್ದೇ ಇಲ್ಲ. ಸೌಭಾಗ್ಯಳೂ ಅಭ್ಯಾಸಬಲದಿಂದ ನುಂಗಿದಳು. ಬಸ್ಸು ಕನಕಪುರ ದಾಟಿದ ಮೇಲೆ ನೆನಪಾಯಿತು: ಇವತ್ತಿನ ರಕ್ತಪರೀಕ್ಷೆಗೆ ಎಂಟು ಗಂಟೆ ಉಪವಾಸವಿರಬೇಕಿತ್ತು.

ಇಪ್ಪತ್ತೆರಡರ ಅವಳಿಗೆ ಆ ಬೇಸಿಗೆಯಲ್ಲಿ ಟೈಪ್ ಒನ್ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ದೇಹದ ರಕ್ಷಣಾ ಕಣಗಳೇ ಇನ್ಸುಲಿನ್ ತಯಾರಿಸುವ ಕಣಗಳನ್ನು ಪರಕೀಯವೆಂದು ತಿಳಿದು ಕೊಲ್ಲುತ್ತಿದ್ದವು. ಅಳಿದುಳಿದ ಇನ್ಸುಲಿನ್ ಕಣಗಳನ್ನಾದರೂ ಸಹಿಸಿಕೊಳ್ಳುವಂತೆ ಆ ರಕ್ಷಣಾ ಕಣಗಳನ್ನು ಪಳಗಿಸಬಹುದೇ ಎಂಬ ಅಧ್ಯಯನ ರಾಮನಗರದ ಆಸ್ಪತ್ರೆಯೊಂದರಲ್ಲಿ ನಡೆದಿತ್ತು. ಸೇರಲು ಇವತ್ತೇ ಕೊನೆಯ ದಿನ. ಸಿಹಿ ಪೇಯ ಕುಡಿದ ಮೇಲೆ, ಇನ್ಸುಲಿನ್ ಜೊತೆಯಲ್ಲೇ ಹುಟ್ಟುವ ಸಿ-ಪೆಪ್ಟೈಡ್ ರಕ್ತದಲ್ಲಿ ಲೀಟರಿಗೆ 0.20 ನ್ಯಾನೊಮೋಲ್ ಆದರೂ ಇರಬೇಕು. ಇಲ್ಲವಾದರೆ ಕಾಪಾಡಲು ಏನೂ ಉಳಿದಿಲ್ಲವೆಂದು ಅರ್ಥ.

"ಒಂದ್ ಚಮಚ ತಾನೆ, ಬಾಯ್ ಮುಚ್ಕಂಡಿರು," ಎಂದಳು ಅಂಬುಜಮ್ಮ, ಆಸ್ಪತ್ರೆಯ ಮೆಟ್ಟಿಲಲ್ಲಿ.

"ರೇಷ್ಮೆ ಹುಳ ಪೊರೆ ಬಿಡಕ್ಕೆ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತೀಯೇನವ್ವ ನೀನು? ಬೆಳೆಯೇ ಕೆಟ್ಟೋಯ್ತದೆ ಅಂತ ನಮ್ ಕೈಗೇ ಹೊಡಿತೀಯ. ಇದೂ ಅಂಗೇಯ."

ಒಳಗೆ ಹೋಗಿ ನರ್ಸ್ ಅಮೀರುನ್ನೀಸಾಗೆ ಇದ್ದದ್ದನ್ನು ಇದ್ದಂತೆ ಹೇಳಿದಳು.

"ಅಯ್ಯೋ ತಾಯಿ! ಈಗ ಪರೀಕ್ಷೆ ಮಾಡಂಗಿಲ್ಲ. ಮನೆಗೆ ಹೋಗಮ್ಮ."

"ಹೋಗಕಿಲ್ಲ. ಆರೂ ಹತ್ತಕ್ಕೆ ನುಂಗಿದ್ದು. ಎರಡೂ ಹತ್ತಕ್ಕೆ ಎಂಟು ಗಂಟೆ ಆಯ್ತದೆ. ಇಲ್ಲೇ ಕುಂತಿರ್ತೀನಿ."

"ಪರೀಕ್ಷೆಗೇ ಎರಡು ಗಂಟೆ ಬೇಕು. ರಕ್ತ ಒಯ್ಯೋ ಗಾಡಿ ನಾಲ್ಕೂವರೆಗೆ ಹೊರಡುತ್ತೆ."

"ಅಷ್ಟರಲ್ಲಿ ಮುಗೀತದಲ್ಲ?"

ಅಮೀರುನ್ನೀಸಾ ಗಡಿಯಾರ ನೋಡಿದಳು. ಆಮೇಲೆ ವೈದ್ಯರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದಳು. "ಕೇಳಿಲ್ಲಿ. ರಾತ್ರಿ ಚುಚ್ಚಿಕೊಂಡ ಇನ್ಸುಲಿನ್ ಇನ್ನೂ ಮೈಯಲ್ಲಿದೆ. ನಿನ್ನ ರಕ್ತದ ಸಕ್ಕರೆ ಎಪ್ಪತ್ತಕ್ಕಿಂತ ಇಳಿದ್ರೆ ನಾನೇ ಗ್ಲೂಕೋಸ್ ಕುಡಿಸ್ತೀನಿ. ಪರೀಕ್ಷೆ ಅಲ್ಲಿಗೆ ಮುಗೀತು. ಆಮೇಲೆ ಜಗಳ ಆಡಂಗಿಲ್ಲ."

"ಇಳಿದ್ರೆ ತಾನೆ!"

ಗ್ಲೂಕೋಸ್ ಲೋಟ ಪಕ್ಕದಲ್ಲಿಟ್ಟುಕೊಂಡೇ ಅಮೀರುನ್ನೀಸಾ ಆಗಾಗ ಬೆರಳು ಚುಚ್ಚಿ ನೋಡಿದಳು. ಮಧ್ಯಾಹ್ನ ಹನ್ನೆರಡಕ್ಕೆ 96 ಇತ್ತು. ಒಂದು ಗಂಟೆಗೆ 81. ಅಂಬುಜಮ್ಮ ತಂದಿದ್ದ ಬುತ್ತಿಯನ್ನು ತಾನೂ ಬಿಚ್ಚಲಿಲ್ಲ. "ನನ್ ಕೈ ಸೇದೋಗ," ಎಂದು ತನ್ನನ್ನೇ ಶಪಿಸಿಕೊಂಡಳು.

"ಕೈ ಸೇದೋದ್ರೆ ಸೊಪ್ಪು ಕುಯ್ಯೋರ್ಯಾರು? ಸುಮ್ಕೆ ಕೂರವ್ವ," ಎಂದಳು ಸೌಭಾಗ್ಯ. ಅಂಗೈ ತಣ್ಣಗೆ ಬೆವರಿತ್ತು. ಅದನ್ನೂ ಮುಚ್ಚಿಡದೆ ನರ್ಸ್ ಮುಂದೆ ಚಾಚಿದಳು.

ಎರಡೂ ಹತ್ತಕ್ಕೆ 73.

"ಕುಡಿ," ಎಂದು ಅಮೀರುನ್ನೀಸಾ ಪರೀಕ್ಷೆಯ ಸಿಹಿ ಪೇಯ ಕೊಟ್ಟಳು. "ಇದಕ್ಕೆ ನಿಮ್ಮವ್ವನ ಮೊಸರು ಬೆರೆಸಿಲ್ಲ."

ಕೊನೆಯ ರಕ್ತದ ಕೊಳವೆ ಗಾಡಿ ಹೊರಡುವ ಮುಂಚೆಯೇ ಪೆಟ್ಟಿಗೆ ಸೇರಿತು.

ಶುಕ್ರವಾರ ಫೋನ್ ಬಂದಾಗ ಸೌಭಾಗ್ಯ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. "ಸೇರಿಸ್ಕಂಡ್ರಾ?" ಎಂದು ಅಂಬುಜಮ್ಮ ಓಡಿಬಂದಳು. ಸೌಭಾಗ್ಯ ಸ್ಪೀಕರ್ ಒತ್ತಿ ಫೋನನ್ನು ಅವ್ವನ ಕಿವಿಯ ಹತ್ತಿರ ಹಿಡಿದಳು. ಅಮೀರುನ್ನೀಸಾ ಓದಿದಳು: ಸಿ-ಪೆಪ್ಟೈಡ್, ಇರಬೇಕಾದ್ದು 0.20, ಇರೋದು ಲೀಟರಿಗೆ 0.23 ನ್ಯಾನೊಮೋಲ್.