ರಾವಸಾಹೇಬರ ಮುಗಿಯದ ಶೀಕರಣಿ

ಭೋಜ ಎಂಬ ಊರಿನ ರಾವಸಾಹೇಬರ ಸೊಸೆ ಬ್ರಾಹ್ಮಿ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಎರಡು ಕೆಲಸ ಮಾಡುತ್ತಿದ್ದಳು. ಒಂದು ಹೊಟ್ಟೆಪಾಡಿನದು, ಅದಕ್ಕೆ ಪಗಾರ ಬರುತ್ತಿತ್ತು. ಇನ್ನೊಂದಕ್ಕೆ ಬರುತ್ತಿದ್ದುದು ಬರೀ ತಕರಾರು. ಆದರೆ ಆಕೆಯ ಜೀವ ಇದ್ದದ್ದು ಆ ಎರಡನೆಯದರಲ್ಲೇ.

ಅದರ ಹೆಸರು ‘ಪಾಳಿ’. ಅದೇನೆಂದು ಮಾವ ಒಮ್ಮೆ ಕೇಳಿದಾಗ ಆಕೆ ತಿಳಿಸಿ ಹೇಳಿದ್ದಳು. "ಮಾವಾರ, ನೀವು ಗಿರಣಿಗೆ ಜ್ವಾಳದ ಡಬ್ಬಿ ಒಯ್ದು ಪಾಳಿಗೆ ಹಚ್ಚಿ ಹರಟಿ ಹೊಡ್ಯಾಕ ಹೋಗ್ತೀರಲ್ಲ, ಹೊಳ್ಳಿ ಬರೂದ್ರಾಗ ಹಿಟ್ಟಾಗಿರ್ತೈತಿ. ಕಂಪ್ಯೂಟರಿನ ಪ್ರೋಗ್ರಾಮಿಗೂ ಹಂಗ. ಭಾರಿ ಕೆಲಸ ಬಂದ್ರ ನಮ್ಮ ಪಾಳಿಗೆ ಹಚ್ಚಿ ತನ್ನ ದಾರಿ ಹಿಡೀತೈತಿ. ಹಿಂದಿನಿಂದ ಒಂದೊಂದ ಮುಗಿಸೂದು ಪಾಳಿ ಕೆಲಸ. ನಡುವ ಕರೆಂಟ್ ಹೋದ್ರ, ಬಂದ ಮ್ಯಾಲ ಮತ್ತ ಮಾಡ್ತೈತಿ."

"ಗಿರಣ್ಯಾಂವ ಬೀಸಿದ್ದಕ್ಕ ರೊಕ್ಕಾ ತಗೋತಾನ. ನೀ?"

"ಇದು ಪುಕಟ ರೀ."

"ಹಂಗಾರ ಅದು ಗಿರಣಿ ಅಲ್ಲವಾ, ಧರ್ಮಛತ್ರ," ಎಂದು ರಾವಸಾಹೇಬ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡಿದ್ದರು.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ‘ಪಾಳಿ’ ಊರ ಬಾವಿ ಇದ್ದ ಹಾಗೆ. ನೀರು ಸೇದುವವರು ದೇಶ ದೇಶಗಳಲ್ಲಿದ್ದರು, ಹೂಳು ತೆಗೆಯುವವರು ಮಾತ್ರ ಇಬ್ಬರೇ. ಒಬ್ಬಳು ಬ್ರಾಹ್ಮಿ, ಇನ್ನೊಬ್ಬ ನಿಪ್ಪಾಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಶಾಕೀರ. ಚಿಕ್ಕೋಡಿಯ ಕಾಲೇಜಿನಲ್ಲಿ ಕೂಡಿ ಓದಿದವರು, ಕೂಡಿಯೇ ‘ಪಾಳಿ’ ಕಟ್ಟಿದವರು. ದಿನಾ ಯಾರಾದರೊಬ್ಬರು ದೂರು ಬರೆಯುತ್ತಿದ್ದರು. ನಿಮ್ಮ ‘ಪಾಳಿ’ ಬಹಳ ನಿಧಾನ ಎಂದು ಒಬ್ಬ, ಬಹಳ ಅವಸರ ಎಂದು ಮತ್ತೊಬ್ಬ. ಹಳೆಯ ಆವೃತ್ತಿಯನ್ನು ಬಿಡಲೊಲ್ಲೆ, ಹೊಸ ಅನುಕೂಲಗಳೆಲ್ಲ ಅದರಲ್ಲೇ ಬೇಕು ಎಂದು ಹಟ ಹಿಡಿಯುವವರೂ ಇದ್ದರು. ಎತ್ತಿನ ಬಂಡಿಗೆ ಟ್ರ್ಯಾಕ್ಟರಿನ ಎಂಜಿನ್ ಕೂಡಿಸಿ ಕೊಡಿ ಎಂದಂತೆ. ಇಬ್ಬರೂ ನಗುತ್ತ, ಬೈಯುತ್ತ ಅದನ್ನು ನಡೆಸಿಕೊಂಡು ಬಂದಿದ್ದರು.

ಜಗಳ ಬಿದ್ದದ್ದು ಹೊಸ ಆವೃತ್ತಿಯ ಮೇಲೆ. ಹಳೆಯದರಲ್ಲಿ ಒಂದು ಕೆಲಸಕ್ಕೆ ‘ಮುಗಿಯಿತು’ ಎಂಬ ಉತ್ತರ ಬರುವವರೆಗೆ ‘ಪಾಳಿ’ ಕಾಯುತ್ತ ಕೂಡುತ್ತಿತ್ತು, ಅದರ ಬೆನ್ನಿಗೆ ಕಾಯುತ್ತಿದ್ದ ಕೆಲಸಗಳೆಲ್ಲ ಅಲ್ಲೇ ನಿಲ್ಲುತ್ತಿದ್ದವು. ಬ್ರಾಹ್ಮಿ ಅದನ್ನು ಬದಲಿಸಿದಳು. ಇಷ್ಟು ಹೊತ್ತಿನಲ್ಲಿ ಉತ್ತರ ಬರಲಿಲ್ಲವೋ, ಕೆಲಸ ಕೆಟ್ಟಿತೆಂದು ತಿಳಿದು ಮತ್ತೊಮ್ಮೆ ಪಾಳಿಗೆ ಹಚ್ಚು.

ಶಾಕೀರ ಒಪ್ಪಲಿಲ್ಲ. "ಕೆಟ್ಟಿರೂದಿಲ್ಲ ಬ್ರಾಹ್ಮಿ, ಉತ್ತರ ತಡಾ ಆಗಿರ್ತೈತಿ ಅಷ್ಟ. ಮತ್ತ ಹಚ್ಚಿದಿ ಅಂದ್ರ ಒಂದ ಕೆಲಸ ಎರಡ ಸಲ ಆಗ್ತೈತಿ."

"ತಡಾ ಆದ ಉತ್ತರ ಉತ್ತರನ ಅಲ್ಲ."

"ಬಸ್ ತಡಾ ಬಂತು ಅಂದ್ರ ಬಂದ ಇಲ್ಲ ಅಂತೀಯೇನ?"

"ನಿನ್ನ ಮಾತ ಕೇಳ್ಕೋತ ಕುಂತ್ರ ಪಾಳಿ ಹಿಂಗ ಕುಂಟಕೋತ ಇರ್ತೈತಿ."

"ಹಂಗಾರ ನೀನ ಓಡಸ. ಇದನ್ನ ಹೊರಗ ಬಿಟ್ಟ ದಿನಾ ನಾ ಇದ್ರಾಗ ಇಲ್ಲಂತ ತಿಳಕೋ."

ಫೋನು ಇಟ್ಟರು. ಆಮೇಲೆ ಇವಳೂ ಮಾಡಲಿಲ್ಲ, ಅವನೂ ಮಾಡಲಿಲ್ಲ. ಬರುವ ಶನಿವಾರ ಸಂಜೆ ಹೊಸ ಆವೃತ್ತಿ ಹೊರಗೆ ಬರುತ್ತದೆಂದು ಬ್ರಾಹ್ಮಿ ಜಗತ್ತಿಗೆಲ್ಲ ಸಾರಿಬಿಟ್ಟಳು. ಸಾರಿದ ಮೇಲೆ ಚಿಂತೆ ಹತ್ತಿತು. ಬಾವಿಯ ಹೂಳನ್ನು ಒಬ್ಬಳೇ ಎಷ್ಟು ವರ್ಷ ತೆಗೆದಾಳು? ಆದರೆ ಸೊಕ್ಕು ಎಂಬುದು ತುಪ್ಪದ ಕಲೆ ಇದ್ದ ಹಾಗೆ, ತಿಕ್ಕಿದಷ್ಟೂ ಹರಡುತ್ತದೆ.

ಅದೇ ವಾರ ರಾವಸಾಹೇಬರ ಮನೆಯಲ್ಲಿ ಬೇರೊಂದು ಮಾತು ಎದ್ದಿತು. ರಾವಸಾಹೇಬ ಕರೆದಲ್ಲೆಲ್ಲ ಹೋಗಿ ಉಣ್ಣುವ ಮನುಷ್ಯ. ತಾವು ಮಾತ್ರ ಯಾರನ್ನೂ ಕರೆದವರಲ್ಲ. ಅವರ ಹೆಂಡತಿ ಲಕ್ಷ್ಮಿಬಾಯಿ ಕಡೆಗೂ ಮುಖಕ್ಕೇ ಹೇಳಿದಳು: "ಮಾವಿನಹಣ್ಣಿನ ಸುಗ್ಗಿ ಬಂತು. ಊರ ಮಂದಿ ಮನ್ಯಾಗ ಶೀಕರಣಿ ಕುಡಿದು ಮೀಸಿ ಒರಸ್ಕೊಂಡ್ ಬರ್ತೀರಿ. ಒಮ್ಮೆರ ನಾಲ್ಕ ಮಂದೀನ ಕರೀರಿ. ನನಗ ಬಸದಿಗೆ ಹೋಗಾಕ ಮಾರಿ ಇಲ್ಲದಂಗಾಗೇತಿ."

ರಾವಸಾಹೇಬರಿಗೆ ಅದೆಲ್ಲಿ ತಾಗಿತೋ, ಬುಧವಾರ ಬೆಳಿಗ್ಗೆ ಸೊಸೆಯ ಮುಂದೆ ಬಂದು ಕೂತರು. ತಮಗೆ ಉಣಿಸಿದವರನ್ನೆಲ್ಲ ಕರೆಯಬೇಕು, ಮನೆಮನೆ ತಿರುಗಲು ಮೊಣಕಾಲು ಕೇಳುವುದಿಲ್ಲ, ಫೋನಿನಲ್ಲೇ ಮೆಸೇಜ್ ಕಳಿಸಿಕೊಡು ಎಂದರು. ಬ್ರಾಹ್ಮಿಗೆ ಖುಷಿಯಾಯಿತು. ಹೊಸ ಆವೃತ್ತಿಯನ್ನು ಮನೆಯ ಕೆಲಸದಲ್ಲೇ ಪರೀಕ್ಷಿಸಿದಂತೆಯೂ ಆಗುತ್ತದೆ. ರಾವಸಾಹೇಬ ಹೆಸರು ಹೇಳುತ್ತ ಹೋದರು. ಈದ್ ದಿನ ಶೀರಖುರ್ಮಾ ಉಂಡ ನೆನಪಾಗಿ ಶಾಕೀರನ ಹೆಸರನ್ನೂ ಹೇಳಿದರು. ಮಾವನ ಮುಂದೆ ಜಗಳದ ಗಂಟು ಬಿಚ್ಚುವುದು ಬೇಡವೆಂದು ಬ್ರಾಹ್ಮಿ ಸುಮ್ಮನೆ ಸೇರಿಸಿದಳು.

"ಬರಿ," ಎಂದರು ರಾವಸಾಹೇಬ. "ನಾಳೆ ಮಧ್ಯಾಹ್ನ ನಮ್ಮ ಮನೆಗೆ ಶೀಕರಣಿ-ಹೋಳಿಗೆ ಊಟಕ್ಕೆ ಸಹಕುಟುಂಬ ಬರಬೇಕು. ರಾವಸಾಹೇಬ ಮತ್ತು ಪರಿವಾರ."

"ತಾರೀಖ ಹಾಕೂಣೇನ್ರಿ?"

"ನಾಳೆ ಅಂದ್ರ ನಾಳೆ. ತಾರೀಖ ಹಾಕಾಕ ಅದೇನ ಕೋರ್ಟಿನ ಸಮನ್ಸ್ ಏನ?"

ಬ್ರಾಹ್ಮಿ ಊಟದ ಕರೆಯ ಮೆಸೇಜುಗಳನ್ನೆಲ್ಲ ಹೊಸ ‘ಪಾಳಿ’ಗೆ ಹಚ್ಚಿದಳು. ಯಾವುದಾದರೂ ಮುಟ್ಟದಿದ್ದರೆ ಮೇಲಿಂದ ಮೇಲೆ ಕಳಿಸಿ ಮಂದಿಗೆ ಕಿರಿಕಿರಿ ಮಾಡುವುದು ಬೇಡ, ಮರುದಿನ ಮತ್ತೊಮ್ಮೆ ಕಳಿಸಿದರೆ ಸಾಕು ಎಂದು ಸಭ್ಯತೆಯಿಂದ ಹೇಳಿಟ್ಟಳು. ಆಮೇಲೆ ಮಾವಿನಹಣ್ಣು ಹಿಂಡಲು ಅಡುಗೆಮನೆಗೆ ಹೋದಳು.

ಗುರುವಾರದ ಊಟ ಬಂಗಾರದಂತಾಯಿತು. ಉಂಡವರು, "ರಾವಸಾಹೇಬ, ಖರೇನ ನೀವ ಕರದ್ರೇನ್ರಿ, ಇಲ್ಲಾ ನಮಗ ಕನಸ ಬಿದ್ದಿತ್ತೇನ್ರಿ?" ಎಂದು ಚೇಷ್ಟೆ ಮಾಡಿದರು. ಲಕ್ಷ್ಮಿಬಾಯಿಯ ಮುಖದಲ್ಲಿ ಬೆಳಕು ಬಂತು.

ಶುಕ್ರವಾರ ಮಧ್ಯಾಹ್ನ ಮನೆಯವರು ಉಣ್ಣಲು ಕೂಡಬೇಕು, ಅಷ್ಟರಲ್ಲಿ ಪಕ್ಕದ ಓಣಿಯ ಜಿನ್ನಪ್ಪ ಹೆಂಡತಿ ಮಕ್ಕಳೊಡನೆ ಅಂಗಳಕ್ಕೆ ಬಂದ. ಅವನ ಹಿಂದೆ ಇನ್ನೊಂದು ಮನೆಯವರು, ಅವರ ಹಿಂದೆ ಮತ್ತೊಂದು ಮನೆಯವರು. ಎಲ್ಲರೂ ಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಸಾಲಾಗಿ ಕೂತರು. ರಾವಸಾಹೇಬ ಹೆಂಡತಿಯ ಮುಖ ನೋಡಿದರು, ಈಕೆ ಕರೆದಿರಬೇಕು. ಲಕ್ಷ್ಮಿಬಾಯಿ ಗಂಡನ ಮುಖ ನೋಡಿದಳು, ಇವರಿಗೆ ಹುಚ್ಚು ಹಿಡಿದಿರಬೇಕು. ಆದರೆ ಬಂದು ಕೂತ ಅತಿಥಿಯನ್ನು ಯಾಕೆ ಬಂದಿರಿ ಎಂದು ಕೇಳುವ ನಾಲಿಗೆ ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

"ಬರ್ರಿ, ಬರ್ರಿ. ಸ್ವಲ್ಪ ತಡಾ ಆತು, ಇನ್ನೇನ ಆತು," ಎಂದು ಲಕ್ಷ್ಮಿಬಾಯಿ ಒಳಗೆ ಓಡಿದಳು. ಬ್ರಾಹ್ಮಿಯ ಗಂಡ ಅಭಿನಂದನ ಕಬ್ಬಿನ ಹೊಲದಿಂದ ಆಗಷ್ಟೇ ಬಂದಿದ್ದ. ಅವನನ್ನು ಹಿತ್ತಲ ಬಾಗಿಲಿನಿಂದಲೇ ಹಣ್ಣಿಗೆ ಓಡಿಸಿದರು. ಆ ಹೊತ್ತಿಗೆ ಮಾವು ಸಿಗದೆ ಅವನು ಬಾಳೆಗೊನೆ ಹೊತ್ತು ತಂದ. ಶೀಕರಣಿ ಬಾಳೆಹಣ್ಣಿನದಾಯಿತು.

ಬಡಿಸುತ್ತ ಬ್ರಾಹ್ಮಿ ಮೆಲ್ಲಗೆ ಜಿನ್ನಪ್ಪನನ್ನು ಮಾತಿಗೆಳೆದಳು. "ಕಾಕಾ, ನಿನ್ನೆ ಶೀಕರಣಿ ಸೇರಿತ್ತೇನ್ರಿ?"

"ಸೇರಿದ್ದಕ್ಕ ಅಲ್ಲೇನವಾ ಬಂದದ್ದು! ನಿನ್ನೆ ಮುಂಜಾನೆ ಮತ್ತ ನಿಮ್ಮ ಮೆಸೇಜ್ ಬಂತು, ನಾಳೆ ಬರ್ರಿ ಅಂತ. ಇವತ್ತೂ ಬಂದೈತಿ ನೋಡು. ನಾ ನಮ್ಮಾಕಿಗೆ ಅಂದೆ, ರಾವಸಾಹೇಬ ಇಷ್ಟ ವರ್ಷ ಉಂಡದ್ದನ್ನ ಕಕ್ಕಾಕತ್ತಾನ, ನಾವು ಹೋಗಲಿಲ್ಲಂದ್ರ ಅಂವಗ ಪುಣ್ಯಾ ಹೆಂಗ ಬರಬೇಕು?"

ಬ್ರಾಹ್ಮಿಯ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಜಿನ್ನಪ್ಪನ ಹೋಳಿಗೆಯ ಮೇಲೆ ಹಾಗೇ ಸುರಿಯುತ್ತ ನಿಂತಿತು. ಜಿನ್ನಪ್ಪ ಸಾಕು ಅನ್ನಲಿಲ್ಲ.

ಒಳಗೆ ಹೋಗಿ ಕಂಪ್ಯೂಟರ್ ತೆರೆದಳು. ಶಾಕೀರ ಹೇಳಿದ್ದಂತೆಯೇ ಆಗಿತ್ತು. ಕರೆಗಳೆಲ್ಲ ಮೊದಲನೇ ದಿನವೇ ಮುಟ್ಟಿದ್ದವು. ಭೋಜದ ನೆಟ್‌ವರ್ಕಿನಲ್ಲಿ ‘ಮುಟ್ಟಿತು’ ಎಂಬ ಉತ್ತರ ಮಾತ್ರ ತೂಕಡಿಸುತ್ತ ಬಂದಿತ್ತು. ಹೊಸ ಆವೃತ್ತಿ ಅದನ್ನು ಲೆಕ್ಕಕ್ಕೇ ಹಿಡಿಯದೆ ಮರುದಿನ ಮತ್ತೆ ಕರೆದಿತ್ತು, ಅದರ ಮರುದಿನವೂ ಕರೆದಿತ್ತು. ತಾರೀಖಿಲ್ಲದ ‘ನಾಳೆ’ ದಿನಕ್ಕೊಂದು ದಿನ ಮುಂದೆ ಸರಿದಿತ್ತು. ತಡೆಯದಿದ್ದರೆ ಮಳೆಗಾಲದವರೆಗೂ ಕರೆಯುತ್ತಿತ್ತು. ಆಕೆ ‘ಪಾಳಿ’ಯನ್ನು ಅಲ್ಲೇ ನಿಲ್ಲಿಸಿದಳು. ಆದರೆ ಶನಿವಾರದ ಕರೆ ಬೆಳಿಗ್ಗೆಯೇ ಹೋಗಿಬಿಟ್ಟಿತ್ತು.

ಮಂದಿ ಹೋದ ಮೇಲೆ ಅತ್ತೆ ಮಾವನಿಗೆ ಎಲ್ಲ ಹೇಳಿದಳು. "ನಂದ ತಪ್ಪಾತ್ರಿ. ಈಗ ಎಲ್ಲಾರಿಗೂ ತಪ್ಪಾತು ಅಂತ ಬರದು ಕಳಸ್ತೀನಿ."

"ಏನಂತ ಬರೀತಿ?" ರಾವಸಾಹೇಬ ಎದ್ದು ಕೂತರು. "ನೀವು ಉಂಡ ಹೋದದ್ದು ನಮಗ ಬ್ಯಾಡಾಗಿತ್ತು ಅಂತ ಬರೀತಿಯೇನ? ಊರಾಗ ಇವತ್ತ ನನ್ನ ಹೆಸರು ಎಲ್ಲಿಗೆ ಏರೇತಿ ಗೊತ್ತೈತೇನ? ಮುಟ್ಟಬ್ಯಾಡ ಅದನ್ನ."

"ಹೆಸರ ನಿಮ್ಮದು, ರಟ್ಟಿ ನಮ್ಮದು," ಎಂದಳು ಲಕ್ಷ್ಮಿಬಾಯಿ ತೋಳು ತಿಕ್ಕಿಕೊಳ್ಳುತ್ತ. "ಇರಲಿ. ಕರದದ್ದಂತೂ ಕರದಾಗೇತಿ. ನಾಳೆ ಒಂದಿನ ಮಾಡೂಣು."

ಶನಿವಾರದ ಊಟದ ಚಿಂತೆ ಅಲ್ಲಿಗೆ ಬಗೆಹರಿಯಿತು. ಬ್ರಾಹ್ಮಿಯ ಚಿಂತೆ ಬೇರೆಯೇ. ನಾಳೆ ಸಂಜೆ ಹೊಸ ಆವೃತ್ತಿ ಹೊರಗೆ ಹೋದರೆ ಎಲ್ಲೆಲ್ಲಿಯೋ ಯಾರ್‍ಯಾರದೋ ಕೆಲಸಗಳು ಎರಡೆರಡು ಸಲ ಆಗುತ್ತವೆ, ಎಲ್ಲವೂ ಶೀಕರಣಿ ಊಟದಷ್ಟು ಸಿಹಿಯಾಗಿರುವುದಿಲ್ಲ. ನಿಲ್ಲಿಸಬೇಕು, ಅದು ಖರೆ. ಆದರೆ ನಿಲ್ಲಿಸಿದರೆ ಶಾಕೀರನಿಗೆ ಹೇಳಬೇಕು. ಹೇಳಿದರೆ ಅವನು, ‘ನಾ ಹೇಳಿರಲಿಲ್ಲೇನ?’ ಅನ್ನುತ್ತಾನೆ. ಹಾಗಂದರೂ ತಾಳಬಹುದು. ‘ನನಗ್ಯಾಕ ಹೇಳ್ತಿ, ನಿನ್ನ ಪಾಳಿ ನೀ ನೋಡ್ಕೋ’ ಅಂದುಬಿಟ್ಟರೆ? ಫೋನು ತೆಗೆದುಕೊಂಡಳು, ಅವನ ಹೆಸರು ನೋಡಿದಳು, ಕೆಳಗಿಟ್ಟು ಪಾತ್ರೆ ತೊಳೆಯಲು ಹೋದಳು.

ಶನಿವಾರ ಮೊದಲ ಪಂಗ್ತಿಗೆ ಇನ್ನೂ ಎಲೆ ಹಾಕುತ್ತಿದ್ದರು, ಅಂಗಳದಲ್ಲಿ ಮೋಟರ್‌ಸೈಕಲ್ ನಿಂತಿತು. ಇಳಿದವರು ಶಾಕೀರ ಮತ್ತು ಅವನ ಹೆಂಡತಿ ವಾಜಿದಾ. ಬ್ರಾಹ್ಮಿ ಕೈಯಲ್ಲಿದ್ದ ಎಲೆಗಳನ್ನು ಕೆಳಗಿಟ್ಟಳು.

ವಾಜಿದಾ ನೇರವಾಗಿ ಬಂದು ಬ್ರಾಹ್ಮಿಯ ಕೈ ಹಿಡಿದುಕೊಂಡಳು. "ದಿನಾ ಮುಂಜಾನೆ ನಿಮ್ಮ ಮೆಸೇಜ್ ಬರಾಕತ್ತಿತ್ತು. ಇವ್ರು ಹೋಗೂದಿಲ್ಲ ಅಂತ ಮುಖಾ ಊದಿಸ್ಕೊಂಡ್ ಕುಂತಿದ್ರು. ನಾ ಅಂದೆ, ಆ ಹುಡುಗಿ ನೇರ ಮಾತಾಡಾಕ ನಾಚಿ, ಮಾವನ ಹೆಸರಿಲೆ ದಿನಾ ಕರ್ಯಾಕತ್ತಾಳ. ಇಷ್ಟ ಸಲ ಕರದ್ರೂ ಹೋಗಲಿಲ್ಲಂದ್ರ ನೀವೆಂಥಾ ಮನಷ್ಯಾರ್ರೀ ಅಂದೆ."

ಶಾಕೀರ ಚಪ್ಪಲಿ ಬಿಡುತ್ತ ನೆಲ ನೋಡಿದ. "ಒಂದ ದಿನಾ ಕರದಿದ್ರ ರೀತಿಗೆ ಕರದಾಳ ಅಂತಿದ್ದೆ ಬ್ರಾಹ್ಮಿ. ನೀ ಬಿಡಲೇ ಇಲ್ಲ. ನನಗ ಕರಳ ಚುರುಕ್ ಅಂತು. ಹೋಗ್ಲಿ ಬಿಡ, ನಿಂದ ಖರೆ. ಇವತ್ತ ಸಂಜಿಗೆ ಹೊರಗ ಬಿಡೂಣು. ನಾನೂ ಜೋಡಿ ಅದೇನಿ."

ಬ್ರಾಹ್ಮಿ ಒಂದು ‘ಹೂಂ’ ಅಂದರೆ ಸಾಕಿತ್ತು. ಗೆಳೆಯ ಮರಳಿ ಬಂದಿದ್ದ, ಅದೂ ಸೋತು ಬಂದಿದ್ದ. ತಪ್ಪನ್ನು ಆಮೇಲೆ ತಾನೇ ಗುಟ್ಟಾಗಿ ತಿದ್ದಿಕೊಳ್ಳಬಹುದಿತ್ತು. ಆಕೆ ಅವರಿಬ್ಬರನ್ನು ಕೂಡಿಸಿದಳು, ಎಲೆ ಹಾಕಿದಳು, ಹೋಳಿಗೆ ಬಡಿಸಿದಳು, ತುಪ್ಪ ಹಾಕಿದಳು. ಶಾಕೀರ ಮೊದಲ ತುತ್ತು ಬಾಯಿಗಿಟ್ಟು, "ಆಹಾ, ಕಾಕು!" ಎಂದು ಲಕ್ಷ್ಮಿಬಾಯಿಯನ್ನು ಹೊಗಳಿದ.

"ಶಾಕೀರ," ಎಂದಳು ಬ್ರಾಹ್ಮಿ, "ನಾ ಕರದಿರಲಿಲ್ಲ."

"ಹಾಂ?"

"ಮೊದಲನೇದ ಮಾವಾರ ಕರದದ್ದು. ಉಳಿದದ್ದ ಹೊಸ ಆವೃತ್ತಿ ಕರದದ್ದು. ಉತ್ತರ ತಡಾ ಬಂದಾವು, ಮತ್ತ ಕಳಿಸೇತಿ. ನೀ ಹೇಳಿದಂಗ ಆತು."

ಶಾಕೀರನ ಗಲ್ಲದಲ್ಲಿ ಹೋಳಿಗೆ ಹಾಗೇ ನಿಂತಿತು. ಸುತ್ತಲಿನ ಸಾಲನ್ನು ನೋಡಿದ. "ಅಂದ್ರ ಈ ಮಂದಿ ಎಲ್ಲಾ..."

"ಎಲ್ಲಾ."

"ರಾವಸಾಹೇಬ ಕಾಕಾಗ ಗೊತ್ತೈತಿ?"

"ಗೊತ್ತೈತಿ. ಯಾರಿಗೂ ಹೇಳಬ್ಯಾಡ ಅಂದಾರ. ಮೆಲ್ಲಗ ಮಾತಾಡ."

ವಾಜಿದಾ ಬಟ್ಟಲು ಕೆಳಗಿಟ್ಟಳು. "ಅಂದ್ರ ಬ್ರಾಹ್ಮಿ, ಮಷೀನ್ ಮಾತ ಕೇಳಿ ನಾ ಇವ್ರನ್ನ ಬೈದು ಕರಕೊಂಡ ಬಂದ್ನೇನ?"

"ನಾನ ಕರೀಬೇಕಾಗಿತ್ತು," ಎಂದಳು ಬ್ರಾಹ್ಮಿ. "ನಿನ್ನೆ ಫೋನ್ ಕೈಯಾಗ ಹಿಡದಿದ್ದೆ. ಸೊಕ್ಕು. ನಿನ್ನ ಬಿಟ್ಟು ನನಗ ಪಾಳಿ ನಡ್ಯಾಂಗಿಲ್ಲ ಶಾಕೀರ. ಇವತ್ತ ಹೊರಗ ಬಿಡೂದೂ ಇಲ್ಲ. ಇನ್ನ ಇರೂದು ಬಿಡೂದು ನಿನಗ ಬಿಟ್ಟದ್ದು."

ಶಾಕೀರ ಬಾಯಲ್ಲಿದ್ದುದನ್ನು ನಿಧಾನಕ್ಕೆ ಅಗಿದು ನುಂಗಿದ. ಆಮೇಲೆ ಅವನ ಭುಜಗಳು ಅಲುಗಿದವು. ನಗು ಮೂಗಿಗೆ ಹತ್ತಿ ಕೆಮ್ಮು ಬಂತು. ಲಕ್ಷ್ಮಿಬಾಯಿ ನೀರಿನ ಚೆಂಬು ಹಿಡಿದು ಓಡಿ ಬಂದಳು.

"ನಾ ಬ್ಯಾರೆ ನಿಂದ ಖರೆ ಅಂತ ಒಪ್ಪಿಕೊಂಡ ಬಿಟ್ಟಿದ್ನಲ್ಲ," ಎಂದ ಕಣ್ಣೊರೆಸಿಕೊಳ್ಳುತ್ತ. "ಸುಮ್ಮ ಇದ್ದಿದ್ರ ಗೆದ್ದಿದ್ದಿ, ಹುಚ್ಚಿ. ಇನ್ನೊಂದ ಹೋಳಿಗಿ ಹಾಕು, ಉಂಡ ಮ್ಯಾಲ ನೋಡೂಣು."

ಉಂಡು ಕೈ ತೊಳೆದು ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ಹೊಸ ಆವೃತ್ತಿಯನ್ನು ಸದ್ಯಕ್ಕೆ ತಡೆಹಿಡಿದಿದ್ದೇವೆ ಎಂದು ಬ್ರಾಹ್ಮಿ ಪ್ರಕಟಣೆ ಬರೆದಳು. ತಪ್ಪು ತನ್ನದೆಂದು ಬರೆದಳು. ಶಾಕೀರ ಇದನ್ನು ಮೊದಲೇ ಹೇಳಿದ್ದನೆಂದೂ ಬರೆದಳು. ಶಾಕೀರ ಓದಿ, "ಛೆ, ಅದೆಲ್ಲಾ ಯಾಕ," ಎಂದ. ಮತ್ತೊಮ್ಮೆ ಓದಿ, "ಹಾಕೂದಾದ್ರ, ಖಡಾಖಂಡಿತ ಹೇಳಿದ್ದ ಅಂತ ಹಾಕು," ಎಂದ. ಆಕೆ ಹಾಗೇ ಹಾಕಿದಳು.

ಪ್ರಕಟಣೆ ಹೊರಗೆ ಹೋದ ಮೇಲೆ ತಿದ್ದುವ ಕೆಲಸಕ್ಕೆ ಕೈ ಹಚ್ಚಿದರು. ಒಮ್ಮೆ ಆದ ಕೆಲಸಕ್ಕೆ ಗುರುತು ಹಾಕಬೇಕು, ಗುರುತು ಇದ್ದದ್ದನ್ನು ಮತ್ತೆ ಮುಟ್ಟಬಾರದು. ಅಷ್ಟರ ಮಟ್ಟಿಗೆ ಇಬ್ಬರದೂ ಒಂದೇ ಮಾತು. ಗುರುತು ಎಲ್ಲಿ ಹಾಕಬೇಕು ಎಂಬಲ್ಲಿಗೆ ಬಂದಾಗ ಧ್ವನಿ ಏರಿತು. "ನಿಂಗ ತಲಿ ಐತೇನ?" ಎಂದ ಅವನು. "ನಿಂದ ರಿಪೇರಿ ಅಂಗಡಿ ಬುದ್ಧಿ, ಮ್ಯಾಲ ತ್ಯಾಪಿ ಹಚ್ಚೂದೊಂದ ಗೊತ್ತು," ಎಂದಳು ಇವಳು. ಟೇಬಲ್ಲಿನ ಮೇಲೆ ಕೈ ಬಡಿದ ಸದ್ದು ಪಡಸಾಲೆಗೆ ಕೇಳಿತು.

ಲಕ್ಷ್ಮಿಬಾಯಿ ಹಿಟ್ಟಿನ ಕೈಯಲ್ಲೇ ಗಾಬರಿಯಾಗಿ ಎದ್ದಳು. "ಯವ್ವಾ, ಮತ್ತ ಜಗಳಕ್ಕ ಬಿದ್ರಲ್ಲ!"

ವಾಜಿದಾ ಅವಳ ಸೆರಗು ಹಿಡಿದು ಕೂಡಿಸಿದಳು. "ಕುಂದರ್ರಿ ಕಾಕು. ಇಷ್ಟ ದಿನಾ ನಮ್ಮ ಮನ್ಯಾಗ ಮಾತಿಲ್ಲಾ ಕತಿಲ್ಲಾ, ಇವ್ರು ಗ್ವಾಡಿ ನೋಡ್ಕೋತ ಕುಂತಿರ್ತಿದ್ರು. ಈಗ ಆರಾಮ ಆದ್ರು."