ನೂರೊಂದನೇ ಬೀಜ

ಕಾರ್ತೀಕದ ಒಂದು ಬೆಳಗ್ಗೆ, ಬಿಸಿಲು ಇನ್ನೂ ಇಬ್ಬನಿ ಮುಟ್ಟದ ಹೊತ್ತಿನಲ್ಲಿ ಇದು ಶುರುವಾಯಿತು. ಉಮ್ಮತ್ತೂರಿನ ಗುರುಮಲ್ಲಮ್ಮ ಜಗಲಿಯ ಮೇಲೆ ಕೂತಿದ್ದಳು. ಪಕ್ಕದ ಮನೆಯ ಶಶಿಕುಮಾರ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದ. ಹೊರೆಯಿಂದ ಸೋರಿದ ನೀರಿಗೆ ಅವನ ಹೆಗಲು ತೊಯ್ದಿತ್ತು.

"ಇಬ್ಬನಿ ಆರೋಗಂಟ ಕಾಯ್ಬಾರ್ದಾಗಿತ್ತೇನ್ಲಾ ಶಶಿ?"

"ಸಂತೆಮರಳ್ಳಿ ಬಸ್ಸು ಓಯ್ತದೆ ಕಣಜ್ಜಿ."

ಊರಿನಲ್ಲಿ ಯಾರ ಮನೆಯ ರೇಷ್ಮೆ ಹುಳ ಮಂಕಾದರೂ ನಲವತ್ತು ವರ್ಷ ಗುರುಮಲ್ಲಮ್ಮನನ್ನೇ ಕರೆಯುತ್ತಿದ್ದರು. ಈಗ ಕರೆಯುವುದು ಬೃಂದಾಳನ್ನು. ಗುಂಡ್ಲುಪೇಟೆಯ ತಂಗಿಯ ಮೊಮ್ಮಗಳು, ಚಾಮರಾಜನಗರದ ಕಾಲೇಜಿಗೆ ಇಲ್ಲಿಂದಲೇ ಹೋಗಿಬರುವವಳು. ಅವಳ ವಿದ್ಯೆಯೆಲ್ಲ ಒಂದು ಡಬ್ಬಿಯಲ್ಲಿದ್ದ ನೂರು ಹುಣಸೆ ಬೀಜ. ಹುಳ ಮಂಕಾಗಿದ್ದ ನೂರು ಬೆಳೆಯನ್ನು ಗುರುಮಲ್ಲಮ್ಮ ನೆನೆನೆನೆದು ಹೇಳಿದ್ದಳು, ಬೆಳೆಗೊಂದು ಬೀಜ. ಆಗ ಒದ್ದೆ ಸೊಪ್ಪು ತಿಂದಿದ್ದರೆ ಅರಿಸಿನದ ಬೊಟ್ಟು, ರೋಗವೇ ಆಗಿದ್ದರೆ ಸುಣ್ಣದ ಬೊಟ್ಟು, ಎರಡೂ ಆಗಿದ್ದರೆ ಎರಡೂ ಬೊಟ್ಟು. ಕಣ್ಣು ಮುಚ್ಚಿ ಹಿಡಿ ತೆಗೆದು, ಇವತ್ತಿನ ಸಂಗತಿಗೆ ಹೊಂದದ ಬೀಜ ಸರಿಸಿ, ಉಳಿದದ್ದರಲ್ಲಿ ಸುಣ್ಣದ್ದೆಷ್ಟು ಎಂದು ಎಣಿಸುವಳು.

"ಕಾಲೇಜಲ್ಲಿ ಕಂಪ್ಯೂಟರ್ರೇ ಲಕ್ಷ ಸಲ ಹಿಡಿ ತೆಗೀತದೆ ಅಜ್ಜಿ."

"ನಮ್ ರಾಗೀನೇ ಬೀಸಿ ನಮ್ಗೇ ಮುದ್ದೆ ಇಕ್ತೀಯ ಕಣಮ್ಮಿ," ಎಂದಳು ಗುರುಮಲ್ಲಮ್ಮ. ಹುಡುಗಿ ತಮಾಷೆಯೆಂದು ನಕ್ಕಳು.

ಮಧ್ಯಾಹ್ನ ಶಶಿಕುಮಾರನ ಹೆಂಡತಿ ಚಿಕ್ಕಮಲ್ಲಮ್ಮ ಓಡಿಬಂದು ಜಗಲಿ ದಾಟಿ ಒಳಗೆ ಇಣುಕಿದಳು. "ಬೃಂದಾ ಅವ್ಳಾ? ಹುಳ ಸೊಪ್ಪೇ ಮುಟ್ತಿಲ್ಲ."

"ನಾನು ಕುಂತಿವ್ನಿ."

"ನಿಮ್ಗ್ಯಾಕವ್ವ ತೊಂದ್ರೆ, ಮಂಡಿ ನೋವು."

"ನೋವಿರೋದು ಮಂಡೀಲಿ. ಕಣ್ಣಲ್ಲಲ್ಲ." ಬೃಂದಾ ಹೊರಟಾಗ, ಕರೆಯದಿದ್ದರೂ ಹಿಂದೆಯೇ ಹೋದಳು.

ಬೃಂದಾ ಪ್ರತಿ ತಟ್ಟೆಯಿಂದಲೂ ಎರಡೆರಡು ಹುಳ ತೆಗೆದು ನೋಡಿದಳು. ಎಲ್ಲವೂ ಮಂಕು. "ಬೆಳಿಗ್ಗೆ ಸೊಪ್ಪು ಒದ್ದೆ ಇತ್ತಾ ಅಕ್ಕ?"

"ಅವ್ರೇ ಸೊಪ್ಪಾಕಿ ಬಸ್ಸಿಗೋದ್ರು, ನಾ ಕಾಣೆ. ಫೋನೂ ಎತ್ತಾಯಿಲ್ಲ."

"ಅಜ್ಜಿ, ನೀವು ಜಗಲೀಲಿದ್ರಲ್ಲ?"

ಸೋರುತ್ತಿದ್ದ ಹೊರೆ ಗುರುಮಲ್ಲಮ್ಮನ ಕಣ್ಣ ಮುಂದೆಯೇ ಇತ್ತು. "ಒಣಗಿತ್ತು," ಎಂದಳು.

ಬೃಂದಾ ಡಬ್ಬಿಯಿಂದ ಹಿಡಿ ತೆಗೆದು, ಸೊಪ್ಪು ಒಣಗಿತ್ತೆಂದು ಅರಿಸಿನದ ಬೀಜಗಳನ್ನೆಲ್ಲ ಪಕ್ಕಕ್ಕೆ ಸರಿಸಿದಳು. ಉಳಿದದ್ದು ಹನ್ನೆರಡು, ಒಂಬತ್ತಕ್ಕೆ ಸುಣ್ಣ. "ರೋಗ ಇರಬೋದು ಅಕ್ಕ. ಪಕ್ಕದೋರ ಮನೆಗೂ ಹಬ್ಬುತ್ತೆ, ಹುಳ ಹೂತುಬಿಡಿ."

ಸರಿಸಿಟ್ಟ ರಾಶಿಯಲ್ಲಿ ಸುಣ್ಣದ್ದು ಎರಡೇ ಎಂದು ಗುರುಮಲ್ಲಮ್ಮನಿಗೆ ಗೊತ್ತಿತ್ತು. ಹಿತ್ತಿಲಲ್ಲಿ ಗುಂಡಿ ತೋಡುವಾಗ, ಸೊಪ್ಪು ಒದ್ದೆಯಿತ್ತೆಂಬ ಮಾತು ಬಾಯಿಗೆ ಬಂತು. ಇನ್ನು ಮೇಲೆ ನನ್ನನ್ನೇ ಕೇಳುತ್ತಾರೆ ಎಂದು ನುಂಗಿಕೊಂಡಳು. ಚಿಕ್ಕಮಲ್ಲಮ್ಮ ಮನಸ್ಸು ಬಾರದೆ ಒಂದು ತಟ್ಟೆ ಬಚ್ಚಿಟ್ಟು, ಮಿಕ್ಕ ಹುಳವನ್ನೆಲ್ಲ ಸುಣ್ಣ ಸುರಿದು ಮುಚ್ಚಿದಳು.

ನೀರಾರಿದ ಸೊಪ್ಪು ಕಂಡ ಆ ಒಂದು ತಟ್ಟೆಯ ಹುಳ ಮಾರನೆಯ ದಿನವೇ ಚರಚರ ಮೇಯತೊಡಗಿತು.

"ಬೀಜ ನಂಬ್ಕಂಡು ಬೆಳೇನ ಮಣ್ಣುಗಾಕ್ಬುಟ್ರಲ್ಲ," ಎಂದಿತು ಊರು. ಚಿಕ್ಕಮಲ್ಲಮ್ಮ ಜಗಲಿಗೆ ಬಂದು, "ಇನ್ಮ್ಯಾಕೆ ನೀವೇ ನೋಡ್ಬೇಕು ಕಣವ್ವ," ಎಂದಳು. ಕಾದಿದ್ದ ಮಾತೇ. ಗುರುಮಲ್ಲಮ್ಮ ಮಂಡಿ ನೋವೆಂದಳು.

ತಪ್ಪೆಲ್ಲಿ ಎಂದು ಬೃಂದಾ ಶಶಿಕುಮಾರನನ್ನೇ ಕೇಳಿದಳು.

"ಸೊಪ್ಪು ಸೋರ್ತಿತ್ತು ಕಣಮ್ಮಿ. ನಿಮ್ಮಜ್ಜೀನೇ ಬೈದ್ರಲ್ಲ ನಂಗೆ."

ಬೃಂದಾ ಮನೆಗೆ ಬಂದು ಒಂದು ಹೊಸ ಬೀಜಕ್ಕೆ ಅರಿಸಿನದ ಬೊಟ್ಟಿಟ್ಟಳು. "ನೂರೊಂದು," ಎಂದು ಡಬ್ಬಿಗೆ ಹಾಕಿದಳು. ಮುಚ್ಚಳ ಹಾಕುತ್ತ ಕೇಳಿದಳು, "ಮಿಕ್ಕ ನೂರೂ ನಿಜವಾ ಅಜ್ಜಿ?"

"ನಿಜ ಕಣಮ್ಮಿ." ನಿಜವೇ ಆಗಿತ್ತು. ಅದನ್ನು ತೋರಿಸಿಕೊಡಲು ಗುರುಮಲ್ಲಮ್ಮನ ಬಳಿ ಏನೂ ಇರಲಿಲ್ಲ.

ಹುಡುಗಿ ತಲೆಯಾಡಿಸಿ ಡಬ್ಬಿಯನ್ನು ಜಗಲಿಯ ಮೇಲಿಟ್ಟಳು. ಗುರುವಾರ, ಬಟ್ಟೆಯ ಚೀಲವೊಂದನ್ನೇ ಹಿಡಿದು, ಬೃಂದಾ ಗುಂಡ್ಲುಪೇಟೆಗೆ ಹೊರಟುಹೋದಳು.